ಟಿಕೆಟ್ ಸಾಲು ಮುರಿದ ನಾಯಕ ಮಹಾಶಯರಿಗೆ

ಲಂಡನ್ನಿನ ಹಳೆಯ ಪುಸ್ತಕದಂಗಡಿಯ ಒಡೆಯರೂ, ಕೆದರಿದ ಕೂದಲಿನ ಸುಂದರಾಂಗರೂ, ಚಿತ್ರದ ಕೊನೆಯ ಹತ್ತು ನಿಮಿಷ ಬಿಟ್ಟರೆ ಉಳಿದಷ್ಟು ಹೊತ್ತೂ ಮಾತು ತೊದಲುವವರೂ ಆದ ಶ್ರೀ ಸೆಬಾಸ್ಟಿಯನ್ ಅವರ ಸನ್ನಿಧಿಗೆ, ಲ್ಯಾಂಕಾಷೈರಿನ ಹಾಲ್ಡನ್‌ಬ್ರೂಕ್ ಎಂಬ ಸಣ್ಣ ಊರಿನಿಂದ, ಉದ್ಯಾನದ ಹುಲ್ಲು ಕತ್ತರಿಸಿ ಕತ್ತರಿಸಿ ನಿವೃತ್ತನಾದ ಕ್ಲಿಫರ್ಡ್ ಆರ್ಮರಾಡ್ ಟೋಪಿ ತೆಗೆದು ಮಾಡುವ ವಂದನೆಗಳು.

ಮಾನ್ಯರೇ,

ತಾವು ಒಂದು ಪ್ರೇಮದ ಹಾಸ್ಯಚಿತ್ರದೊಳಗಿನ ವ್ಯಕ್ತಿ, ತಮಗೆ ಅಂಚೆ ತಲುಪುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದರೆ ತಮ್ಮಿಂದ ನನಗಾದ ಕಷ್ಟವನ್ನು ತಮ್ಮನ್ನು ಬಿಟ್ಟು ಇನ್ನಾರ ಬಳಿ ತೋಡಿಕೊಳ್ಳಲಿ? ಚಿತ್ರ ತೆಗೆದವರಿಗೆ ಬರೆಯೋಣವೆಂದರೆ ಅವರು ತಮ್ಮಷ್ಟು ಸಜ್ಜನರಂತೆ ಕಾಣುವುದಿಲ್ಲ.

ನಮ್ಮ ಊರಿನ ಚರ್ಚಿನ ಸಭಾಂಗಣದಲ್ಲಿ ತಿಂಗಳಿಗೊಂದು ಚಿತ್ರ ತೋರಿಸುತ್ತಾರೆ. ಮುಗಿದ ಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿ, ಚಹಾ ಕುಡಿಯುತ್ತ, ಸರದಿಯಂತೆ ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳುವುದು ಇಲ್ಲಿನ ಪದ್ಧತಿ. ಫೆಬ್ರುವರಿಯಲ್ಲಿ ತಮ್ಮ ಚಿತ್ರ ಬಂತು. ತಮ್ಮ ಪ್ರೀತಿಯ ಫ್ಲೋರಾ, ಒಬ್ಬ ಡಾಕ್ಟರನ ಜೊತೆ ರೈಲು ಹತ್ತಿ ಸ್ಕಾಟ್ಲೆಂಡಿಗೆ ಹೊರಟಿರುವಾಗ, ತಾವು ಸುರಿಯುವ ಮಳೆಯಲ್ಲಿ ಓಡೋಡಿ ನಿಲ್ದಾಣಕ್ಕೆ ಬಂದಿರಿ. ಅಲ್ಲಿ ಟಿಕೆಟ್ ಕಿಟಕಿಯ ಮುಂದೆ ಹತ್ತು ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ತಾವು "ಕ್ಷಮಿಸಿ, ಇದು ಪ್ರೀತಿಯ ವಿಷಯ!" ಎಂದು ಕೂಗುತ್ತ ಅವರೆಲ್ಲರನ್ನೂ ಪಕ್ಕಕ್ಕೆ ಸರಿಸಿ ಮುಂದಕ್ಕೆ ನುಗ್ಗಿದಿರಿ. ಇನ್ನೂ ಆಶ್ಚರ್ಯವೆಂದರೆ, ಸಾಲಿನಲ್ಲಿದ್ದವರು ತಮಗೆ ಚಪ್ಪಾಳೆ ತಟ್ಟಿದರು. ಈ ದೇಶದಲ್ಲಿ ಹುಟ್ಟಿ ಬೆಳೆದ ನಾನು ಅಂಥ ಸಾಲನ್ನು ಇದುವರೆಗೆ ಕಂಡಿಲ್ಲ.

ಅಂದಿನ ಅಭಿಪ್ರಾಯಗಳನ್ನು ತಮ್ಮ ಅವಗಾಹನೆಗೆ ತರುವುದು ನನ್ನ ಕರ್ತವ್ಯ. ಮಾಂಸದಂಗಡಿಯ ಹೆರಾಲ್ಡ್ ಪಿಕಪ್ ಮೊದಲು ಎದ್ದು, "ಈ ವರ್ಷ ನೋಡಿದ್ರಲ್ಲೇ ಒಳ್ಳೇ ಪಿಚ್ಚರು. ಒಂದ್ಸಲವೂ ಎಚ್ಚರ ಆಗ್ಲಿಲ್ಲ," ಎಂದ. ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತರಾದ ಡೋರಿಸ್ ಕರ್ಷಾ ಅವರು, "ಆ ಹುಡುಗಿ ಡಾಕ್ಟರನ್ನೇ ಮಾಡ್ಕೋಬೇಕಿತ್ತು. ಈ ತಲೆ ಬಾಚದವನದ್ದು ಬಾಡಿಗೆ ಅಂಗಡಿ. ಡಾಕ್ಟರದ್ದು ಸ್ವಂತ ಮನೆ, ಅದೂ ಹಿತ್ತಿಲಿರೋದು," ಎಂದು ತೀರ್ಪಿತ್ತರು. ಪಾದ್ರಿ ಹೆಸ್ಕೆತ್ ಅವರು, ಇನ್ನೂ ಯಾರೂ ಜಗಳವಾಡದಿದ್ದರೂ, "ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ," ಎಂದು ಬಿಸ್ಕತ್ತು ಕೈಗೆತ್ತಿಕೊಂಡರು.

ಆಮೇಲೆ ಮ್ಯೂರಿಯಲ್ ಎದ್ದಳು. ಮ್ಯೂರಿಯಲ್ ಯಾರೆಂದು ತಮಗೆ ಹೇಳಬೇಕು. ಊರಿನಲ್ಲಿ ಉಣ್ಣೆ ನೂಲಿನ ಅಂಗಡಿ ನಡೆಸುತ್ತಿದ್ದ ವಿಧವೆ. ನನ್ನ ಕೈಗವಸು, ಕುತ್ತಿಗೆಪಟ್ಟಿ, ಕಾಲುಚೀಲಗಳೆಲ್ಲ ಅವಳು ಹೆಣೆದವು. ನನ್ನ ಹೆಂಡತಿ ತೀರಿಕೊಂಡ ಮೇಲೆ ಭಾನುವಾರದ ಊಟಕ್ಕೆ ನನ್ನ ಎದುರಿಗೆ ಕೂರುತ್ತಿದ್ದವಳು ಅವಳೊಬ್ಬಳೇ. ನನ್ನ ತಾಯಿಯ ಉಂಗುರವನ್ನು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕೋಟಿನ ಜೇಬಿನಲ್ಲಿಟ್ಟು, ಕ್ರಿಸ್ಮಸ್ಸಿನಿಂದ ನಾನು ಒಂದು ಒಳ್ಳೆಯ ಗಳಿಗೆಗಾಗಿ ಕಾಯುತ್ತಿದ್ದೆ. ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ನಂಗೆ ಆ ಸಾಲಿನ ದೃಶ್ಯ ಒಂದೇ ಸಾಕು," ಎಂದಳು ಮ್ಯೂರಿಯಲ್. "ಒಬ್ಬಳಿಗೋಸ್ಕರ ಒಬ್ಬ ಮನುಷ್ಯ ನಾಚಿಕೆ ಬಿಟ್ಟನಲ್ಲ!"

ಮುಂದಿನ ಸರದಿ ನನ್ನದು. ಬುದ್ಧಿಯಿದ್ದವನು ಚಹಾ ಚೆನ್ನಾಗಿದೆ ಎಂದು ಹೇಳಿ ಕೂರುತ್ತಿದ್ದ. ನಾನು ಎದ್ದು ನಿಂತು, ತಾವು ತಳ್ಳಿ ಹೋದ ಸಾಲಿನ ಪರವಾಗಿ ದೀರ್ಘ ಭಾಷಣ ಮಾಡಿದೆ. ಬೂದು ಟೋಪಿಯ ಆ ಮುದುಕಿ ಯಾರ ಶವಸಂಸ್ಕಾರಕ್ಕೆ ಹೊರಟಿದ್ದಳೋ, ಅವಳ ರೈಲು ತಪ್ಪಿತೋ ಏನೋ, ಅದನ್ನು ಈ ಪ್ರೇಮಿ ಕೇಳಿದನೇ ಎಂದು ಮೇಜು ಗುದ್ದಿದೆ. ಹೆರಾಲ್ಡನಿಗೆ ಆಗ ಎಚ್ಚರವಾಯಿತು. ಮ್ಯೂರಿಯಲ್ ತನ್ನ ಬಟ್ಟಲನ್ನೇ ನೋಡುತ್ತ ಕೂತಿದ್ದಳು.

ಮನೆಯವರೆಗೆ ಜೊತೆಯಲ್ಲಿ ನಡೆದಾಗ ಅವಳು ಕೇಳಿದಳು: "ಕ್ಲಿಫರ್ಡ್, ಅವನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ?"

"ಟಿಕೆಟ್ ಮುಂಚೇನೇ ತಗೊಂಡಿರ್ತಿದ್ದೆ," ಎಂದೆ ನಾನು.

ಮಾನ್ಯರೇ, ಆ ಉತ್ತರದ ಬಗ್ಗೆ ನನಗೆ ಆ ಕ್ಷಣದಲ್ಲಿ ಹೆಮ್ಮೆಯಿತ್ತು. ಅವಳು ಬಾಗಿಲು ಹಾಕಿಕೊಂಡ ಮೇಲೂ ಸ್ವಲ್ಪ ಹೊತ್ತು ಇತ್ತು.

ಮರುವಾರ ಡೋರಿಸ್ ದಾರಿಯಲ್ಲಿ ಸಿಕ್ಕಿ, "ನಿನ್ನ ಮ್ಯೂರಿಯಲ್ ಗುರುವಾರ ಹತ್ತು ಗಂಟೆ ಬಸ್ಸಿಗೆ ಮೋರ್‌ಕಂಬಿಗೆ ಹೊರಡ್ತಾಳೆ, ತಂಗಿ ಮನೇಲೇ ಇದ್ದುಬಿಡ್ತಾಳಂತೆ. ವಾಪಸ್ ಟಿಕೆಟ್ ತಗೊಂಡಿಲ್ಲ," ಎಂದರು. ತಮ್ಮ ಮಾದರಿ ಜೀವನ ಆಗ ನನ್ನ ಕಣ್ಮುಂದೆ ಬಂತು. ಗುರುವಾರ ಬೆಳಿಗ್ಗೆ ನಾನೂ ಓಡಿದೆ. ತಮಗೆ ಹದವಾಗಿ ಸುರಿದ ಮಳೆ ನನ್ನ ಪಾಲಿಗೆ ಬರಲಿಲ್ಲ. ಲ್ಯಾಂಕಾಷೈರಿನಲ್ಲಿ ಅಪರೂಪಕ್ಕೆ ಅಂದೇ ಬಿಸಿಲು. ಹೂವು ಸಿಗದ ಕಾಲವಾದ್ದರಿಂದ, ಅವಳು ಕಡುಬಿಗೆ ಹಾಕುವ ರೂಬಾರ್ಬಿನ ಕೆಂಪು ದಂಟುಗಳನ್ನು ಹಿತ್ತಿಲಿಂದ ಕಿತ್ತು, ಕಟ್ಟಿ, ಕಂಕುಳಲ್ಲಿ ಇರುಕಿಕೊಂಡಿದ್ದೆ.

ಬಸ್ಸು ನಿಂತಿತ್ತು. ಮ್ಯೂರಿಯಲ್ ಆಗಲೇ ಹತ್ತಿ ಕಿಟಕಿಯ ಬಳಿ ಕೂತಿದ್ದಳು. ಬಾಗಿಲಿನ ಮುಂದೆ ಸಾಲು. ಇನ್ನು ನಾನೇನು ಮಾಡಿದೆ ಎಂದು ತಮಗೆ ಹೇಳಲು ನಾಚಿಕೆಯಾಗುತ್ತದೆ. ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಯೋಚಿಸಿ ನಿಂತದ್ದಲ್ಲ. ಎದೆ ಮುಂದಕ್ಕೆ ಹೋಗು ಎನ್ನುತ್ತಿತ್ತು, ಕಾಲು ತನ್ನ ಪಾಡಿಗೆ ಕೊನೆಗೆ ಹೋಗಿ ನಿಂತುಬಿಟ್ಟಿತು. ಮ್ಯೂರಿಯಲ್ ಗಾಜಿನ ಹಿಂದಿನಿಂದ ನೋಡುತ್ತಿದ್ದಳು. ಅಷ್ಟರಲ್ಲಿ ಕೈಗೂಸಿನ ತಾಯಿಯೊಬ್ಬಳು ಬಂದಳು. "ನೀವು ಮೊದಲು ಹೋಗಿ ತಾಯಿ," ಎಂದು ದಾರಿ ಬಿಟ್ಟೆ. ನನ್ನ ಸರದಿ ಬಂದಾಗ ಚಾಲಕ, "ಅಷ್ಟೇ ಯಜಮಾನ್ರೇ, ಜಾಗ ಇಲ್ಲ," ಎಂದ. ನಾನು ಅವನಿಗೆ ಧನ್ಯವಾದ ಹೇಳಿದೆ. ಬಾಗಿಲು ಮುಚ್ಚಿತು. ನನ್ನ ಬಾಳು ಬಸ್ಸಿನಲ್ಲಿ ಕೂತು ಹೊರಟುಹೋಗುತ್ತಿದ್ದಾಗ ನಾನು ರೂಬಾರ್ಬ್ ಎತ್ತಿ ಬೀಸುತ್ತಿದ್ದೆ.

ಅಲ್ಲಿಂದ ಕದಲಲಿಲ್ಲ. ಹೋಗಲು ಬೇರೆ ಜಾಗವಿರಲಿಲ್ಲ, ಮೇಲಾಗಿ ಮುಂದಿನ ಬಸ್ಸಿನ ಸಾಲಿಗೆ ನಾನೇ ಮೊದಲಿಗನಾಗಿದ್ದೆ. ಪಕ್ಕದೂರಿನ ಸಂತೆಗೆ ಹೊರಟ ಹೆರಾಲ್ಡ್ ಬಂದು ನನ್ನ ಹಿಂದೆ ನಿಂತ, ಅವನ ಹಿಂದೆ ಡೋರಿಸ್, ಅವರ ಹಿಂದೆ ಪಾದ್ರಿಗಳು. ನನ್ನ ಕಣ್ಣು ಒದ್ದೆಯಾಗಿದ್ದನ್ನು ಕಂಡ ಮೂವರೂ ಹವಾಮಾನದ ವಿಷಯ ಮಾತಾಡಿದರು.

ಆಗ ರಸ್ತೆಯ ತಿರುವಿನಲ್ಲಿ, ಪೆಟ್ಟಿಗೆ ಎಳೆದುಕೊಂಡು ಮ್ಯೂರಿಯಲ್ ಬರುವುದು ಕಾಣಿಸಿತು. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬಂದಿದ್ದಳು. ಬಂದವಳು ನನ್ನನ್ನು ನೋಡಿದಳು, ಸಾಲನ್ನು ನೋಡಿದಳು, ನೇರವಾಗಿ ಹೋಗಿ ಪಾದ್ರಿಗಳ ಹಿಂದೆ ನಿಂತಳು. ತಮ್ಮ ಚಿತ್ರವನ್ನು ಎಷ್ಟು ಮೆಚ್ಚಿದರೇನು, ಅವಳೂ ಹಾಲ್ಡನ್‌ಬ್ರೂಕಿನವಳೇ.

"ಹಿಂದೆ ಹೋಗಿ ಮಾತಾಡೋ, ನಿನ್ನ ಜಾಗ ನಾನು ನೋಡ್ಕೋತೀನಿ," ಎಂದ ಹೆರಾಲ್ಡ್. "ಅದು ಅಷ್ಟು ಸರಿಯಾದ ಕ್ರಮವಲ್ಲ," ಎಂದು ಪಾದ್ರಿಗಳು ಮೆಲ್ಲಗೆ ಕೆಮ್ಮಿದರು. ನಾನು ಜೇಬಿನಿಂದ ಡಬ್ಬಿ ತೆಗೆದು ಹೆರಾಲ್ಡನ ಕೈಗಿತ್ತು, "ಇದನ್ನ ಮ್ಯೂರಿಯಲ್‌ಗೆ ದಾಟಿಸು. ನನ್ನ ಮದುವೆ ಆಗ್ತೀಯಾ ಅಂತ ಕೇಳು," ಎಂದೆ. ಹೆರಾಲ್ಡ್ ಡಬ್ಬಿ ತೆರೆದು, ಮರ್ಯಾದೆಗಾಗಿ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು, ಡೋರಿಸ್‌ಗೆ ಕೊಟ್ಟ. ಡೋರಿಸ್ ಹಿಂದಕ್ಕೆ ತಿರುಗಿ ಸಾರಿದರು: "ಮದುವೆ ಆಗ್ತೀಯಾ ಅಂತ ಕೇಳ್ತಿದ್ದಾನೆ. ಮನೆ ಮಾತ್ರ ಬಾಡಿಗೇದು, ನೆನಪಿರಲಿ." ಪಾದ್ರಿಗಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮ್ಯೂರಿಯಲ್‌ಗೆ ಒಪ್ಪಿಸಿದರು.

ಮ್ಯೂರಿಯಲ್ ಡಬ್ಬಿ ತೆರೆದು ನೋಡಿದಳು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟಳು. ಸಾಲು ಬಿಟ್ಟು ಹೊರಗೆ ಕಾಲಿಟ್ಟು, ಪಾದ್ರಿಗಳನ್ನು ದಾಟಿ, ಡೋರಿಸ್ ಅವರನ್ನು ದಾಟಿ, ಮುಂದಕ್ಕೆ ಬಂದಳು.

"ಮ್ಯೂರಿಯಲ್! ಸಾಲು!" ಎಂದು ಡೋರಿಸ್ ಕೂಗಿದರು.

"ಗೊತ್ತು ಡೋರಿಸ್," ಎಂದಳು, ನಿಲ್ಲಲಿಲ್ಲ.

ನಾನು, ದೇವರು ನನ್ನನ್ನು ಕ್ಷಮಿಸಲಿ, "ಹಿಂದಿನವರಿಗೆ ಬೇಜಾರಾದೀತು..." ಎಂದು ಶುರುಮಾಡಿದ್ದೆ. "ಇನ್ನೊಂದು ಮಾತಾಡಿದ್ರೆ ಮೋರ್‌ಕಂಬಿಗೆ ಹೋಗ್ತೀನಿ ಮಾರಾಯ," ಎಂದು ಅವಳು ಬೆರಳು ಮುಂದೆ ಚಾಚಿದಳು. ನಾನು ತೊಡಿಸಿದ ಉಂಗುರ ಸಕ್ಕರೆ ಪುಡಿ ಹತ್ತಿ ಅಂಟುತ್ತಿತ್ತು. ನಾನು ಅತ್ತೆ, ನಡುಬೀದಿಯಲ್ಲಿ, ಮಾಂಸದಂಗಡಿಯವನ ಎದುರಿಗೆ. ಅಷ್ಟರಲ್ಲಿ ಬಸ್ಸು ಬಂತು. ಮೊದಲಿಗನಾದ ನಾನು ಹತ್ತದಿದ್ದರೆ ಉಳಿದವರಿಗೆ ತೊಂದರೆಯೆಂದು ಇಬ್ಬರೂ ಹತ್ತಿ, ಬೇಡದಿದ್ದರೂ ಸಂತೆಗೆ ಹೋಗಿ ಬಂದೆವು.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಕೋರಿಕೆ ಇಷ್ಟೇ. ದಯಮಾಡಿ ತಾವು ಆ ನಿಲ್ದಾಣಕ್ಕೆ ಹಿಂದಿರುಗಿ, ಬೂದು ಟೋಪಿಯ ಮುದುಕಿಯ ಕ್ಷಮೆ ಕೇಳಿ, ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಪ್ರೇಕ್ಷಕರು ಚಹಾ ಕುಡಿಯುತ್ತ ಕಾಯುತ್ತಾರೆ, ನಮಗೆ ಅಭ್ಯಾಸವಿದೆ. ಫ್ಲೋರಾಳ ರೈಲು ಹೋಗುವುದಾದರೆ ಹೋಗಲಿ. ಇಳಿಯುವವಳು ಮುಂದಿನ ನಿಲ್ದಾಣದಲ್ಲಿ ಇಳಿದು ಬರುತ್ತಾಳೆ.

ಇಂತು ತಮ್ಮ ವಿಶ್ವಾಸಿ, ಸರದಿ ತಪ್ಪದ
ಕ್ಲಿಫರ್ಡ್ ಆರ್ಮರಾಡ್

ತಾ.ಕ.: ಮ್ಯೂರಿಯಲ್ ಈ ಪತ್ರವನ್ನು ಬೆನ್ನ ಹಿಂದಿನಿಂದ ಓದಿ, ತಾವು ಸಾಲು ಮುರಿದಾಗ ಸಭಾಂಗಣದಲ್ಲಿ ನಾನು ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ತಾನು ನೋಡಿದ್ದೇನೆಂದೂ ಅದನ್ನೂ ಬರೆಯಬೇಕೆಂದೂ ಹಟ ಹಿಡಿದಿದ್ದಾಳೆ. ನನಗೆ ಅಂದು ನೆಗಡಿಯಾಗಿತ್ತು. ಮದುವೆ ಜೂನ್ ತಿಂಗಳಲ್ಲಿ, ತಾವು ಅವಶ್ಯ ಬರಬೇಕು. ಕೇಕಿಗೆ ಸಾಲು ಇರುತ್ತದೆ, ಉಸ್ತುವಾರಿ ಡೋರಿಸ್ ಅವರದು.