ಕಾಂಪೌಂಡು ಹಾರಿದ ಲೇಖನ

ನೀವೇ ಹೇಳಿ, ಇದು ನ್ಯಾಯವೇ? ನಮ್ಮ ನಡುಮನೆಯಲ್ಲಿ ನನ್ನ ಕಂಪ್ಯೂಟರ್ ಇದೆ. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಆಶಾರಾಣಿಯ ಲ್ಯಾಪ್‌ಟಾಪ್ ಇದೆ. ಅದರ ಮಗ್ಗುಲಲ್ಲೇ, ಗೂಟಕ್ಕೆ ದನ ಕಟ್ಟಿದ ಹಾಗೆ, ವೈರಿನಲ್ಲಿ ಕಟ್ಟಿಹಾಕಿದ ಪ್ರಿಂಟರ್ ಇದೆ. (ಅವಳು ಮಾದರಿ ಮುದ್ರಿಸಿಕೊಂಡು ರವಿಕೆಗೆ ಕಸೂತಿ ಹಾಕುತ್ತಾಳೆ. ಚನ್ನರಾಯಪಟ್ಟಣದ ಅರ್ಧ ಮದುವೆಗಳ ನವಿಲುಗಳು ಹುಟ್ಟಿದ್ದು ಆ ಪ್ರಿಂಟರಿನಲ್ಲೇ.) ಎರಡರ ನಡುವೆ ಒಂದೇ ಗೋಡೆ. ಆದರೂ ನನ್ನ ಲೇಖನ ಇಲ್ಲಿಂದ ಅಲ್ಲಿಗೆ ದಯಮಾಡಿಸಬೇಕಾದರೆ ಪೆನ್‌ಡ್ರೈವ್ ಎಂಬ ಪಲ್ಲಕ್ಕಿ ಏರಬೇಕು. ಆ ಪಲ್ಲಕ್ಕಿಯೋ, ಮೊನ್ನೆ ನನ್ನ ಅಂಗಿಯ ಜೇಬಿನೊಳಗಿದ್ದುಕೊಂಡೇ ವಾಷಿಂಗ್ ಮೆಷಿನ್ನಿನಲ್ಲಿ ಜಲಸಮಾಧಿಯಾಯಿತು.

ನಾನು ಹಾಸನದ ಒಂದು ವಾರಪತ್ರಿಕೆಗೆ ಅಂಕಣ ಬರೆಯುತ್ತೇನೆ. ಯಾವ ಕಾಲೇಜೂ ಕಲಿಸಲಿಲ್ಲ. ಸಿಟ್ಟು ಬಂತು, ಬರೆದೆ. ವಾರವಾರವೂ ದಪ್ಪಕ್ಷರದ ತಲೆಬರಹ, ಅದರ ಕೆಳಗೇ ಕೈಕಟ್ಟಿ ಲೋಕವನ್ನು ದುರುಗುಟ್ಟಿ ನೋಡುವ ನನ್ನ ಫೋಟೋ. ಸಂಪಾದಕ ಅಮರನಾಥರಿಗೆ ಲೇಖನ ಕಾಗದದ ಮೇಲೇ ಬರಬೇಕು. ಕೆಂಪು ಇಂಕಿನಲ್ಲಿ ಗೀಚದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಹಾಗಾಗಿ ಪ್ರತಿ ಬುಧವಾರ ನಾಲ್ಕು ಗಂಟೆಯ ಹಾಸನ ಬಸ್ಸಿನ ಕಂಡಕ್ಟರ್ ಕೈಗೆ ಲಕೋಟೆ ಕೊಡುವುದು ನನ್ನ ವ್ರತ. ಈ ಬುಧವಾರ ಅವರು ಬೆಳಿಗ್ಗೆಯೇ ಫೋನು ಮಾಡಿದ್ದರು.

"ಹೋದ ವಾರ ಬಸ್ ತಪ್ಪಿಸಿದ್ರಿ. ಇವತ್ತೂ ತಪ್ಪಿದ್ರೆ ನಿಮ್ಮ ಜಾಗ ಹೊಳೆನರಸೀಪುರದ ರಜನೀಶನ ವಾರಭವಿಷ್ಯಕ್ಕೆ. ಖಾಯಂ!"

ನನ್ನ ಧರ್ಮಕ್ರೋಧದ ಜಾಗದಲ್ಲಿ ‘ವೃಷಭ ರಾಶಿಯವರಿಗೆ ಮೊಣಕಾಲು ನೋವು’! ಇದನ್ನು ನಾಡು ಸಹಿಸೀತೇ?

ಅದೂ ಈ ವಾರದ್ದು ಎಂಥ ಲೇಖನ! ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಕಾಂತರಾಜು ದಿನಾ ಬೆಳಗಾದರೆ ಕೊಕ್ಕೆ ಕೋಲು ಹಿಡಿದು, ಕಾಂಪೌಂಡಿನ ಆಚೆ ನಿಂತೇ ನಮ್ಮ ದಾಸವಾಳದ ಗಿಡ ಬೋಳಿಸಿ, ತನ್ನ ಮನೆಯ ದೇವರಿಗೆ ಏರಿಸುತ್ತಾನೆ. ಕದ್ದ ಹೂವು, ಪಡೆದ ಪುಣ್ಯ! ಕೆಲವು ತಿಂಗಳಿಂದ ನೋಡಿ ನೋಡಿ ನನ್ನ ರಕ್ತ ಕುದಿದು, ಕೊನೆಗೆ ಕೀಬೋರ್ಡಿನ ಮೇಲೆ ಉಕ್ಕಿತು. ತಲೆಬರಹ: ‘ನಮ್ಮ ಬೀದಿಯ ಕಳ್ಳ ಇವನೇ!’ ಹೆಸರು ಹಾಕಿರಲಿಲ್ಲ, ಮರ್ಯಾದಸ್ಥ ನಾನು. ಕೋಲಿನ ಬಣ್ಣ ಮಾತ್ರ ಹಾಕಿದ್ದೆ.

"ವಾಟ್ಸಾಪಲ್ಲಿ ಕಳ್ಸಿ ಅತ್ಲಾಗೆ. ಪ್ರಿಂಟ್ ತೆಗ್ದುಕೊಡ್ತೀನಿ," ಎಂದಳು ಆಶಾ.

"ಏನಂದೆ? ನಡುಮನೆಯಿಂದ ಕೋಣೆಗೆ ಹೋಗೋ ಲೇಖನ ಪರದೇಶದ ಕಂಪನಿ ಬಾಗ್ಲು ತಟ್ಟಿ ಬರ್ಬೇಕಾ? ಎರಡು ಕಂಪ್ಯೂಟರೂ ಒಂದೇ ಮನೇಲಿ ಒಂದೇ ವೈಫೈ ಉಣ್ತಾ ಇವೆ. ಫೈಲ್ ಶೇರಿಂಗ್ ಅಂತ ಒಂದಿದೆ. ಇವತ್ತು ಮಾಡೇ ತೀರ್ತೀನಿ!"

"ಎರಡು ಗಂಟೆ ಆಯ್ತು ಕಣ್ರೀ. ಸ್ವಾತಂತ್ರ್ಯ ಹೋರಾಟ ನಾಳೆ ಇಟ್ಕೊಳ್ಳಿ."

ನಾನು ಕೇಳುವವನೇ? ಯೂಟ್ಯೂಬಿನಲ್ಲಿ ಹಿಂದಿಯವನೊಬ್ಬ ಹೇಳಿದ್ದನ್ನೆಲ್ಲ ಮಾಡಿದೆ. ನನ್ನ ಕಂಪ್ಯೂಟರಿಗೆ ‘ಚಂಡಮಾರುತ’ ಎಂದು ನಾಮಕರಣ ಮಾಡಿದೆ. ಪಾಸ್‌ವರ್ಡ್ ತೆಗೆದೆ. ಫೈರ್‌ವಾಲ್ ಎಂಬ ಕಾವಲುಗಾರನಿಗೆ ರಜೆ ಕೊಟ್ಟೆ. ನನ್ನ ಬರಹಗಳ ಫೋಲ್ಡರನ್ನು ಯಾರಿಗೆ ತೋರಿಸಲಿ ಎಂದು ಅದು ಕೇಳಿದಾಗ ‘ಎಲ್ಲರಿಗೂ’ ಎಂದು ಒತ್ತಿದೆ. ಪಾರದರ್ಶಕತೆಯ ಬಗ್ಗೆ ಬರೆದೂ ಬರೆದೂ ಬೆರಳು ಸವೆಸಿಕೊಂಡವನಿಗೆ ಮುಚ್ಚುಮರೆ ಎಂಥದು?

"ಕಾಣಿಸ್ತಾ?" ಎಂದೆ.

"ಇಲ್ಲ."

"ಈಗ?"

"ಇಲ್ಲ ಕಣ್ರೀ. ಇದೂ ನಿಮ್ಮ ಥರಾನೇ. ಪಕ್ಕದಲ್ಲೇ ಇದ್ದರೂ ಕರೆದ್ರೆ ಓಗೊಡಲ್ಲ."

ಎರಡನ್ನೂ ಆರಿಸಿ ಹೊತ್ತಿಸಿದೆ. ವೈಫೈ ಡಬ್ಬಿಯ ಕಿವಿ ಹಿಂಡಿದೆ. ಊಹೂಂ, ಚಂಡಮಾರುತ ಗೋಡೆ ದಾಟಲಿಲ್ಲ. ಗಂಟೆ ಮೂರು ಹೊಡೆಯಿತು; ಕಣ್ಣ ಮುಂದೆ ರಜನೀಶ ವೃಷಭ ರಾಶಿಯ ಮೇಲೆ ಕುಳಿತು ನಕ್ಕ. ಅಷ್ಟರಲ್ಲಿ ನನ್ನ ಪರದೆಯ ಮೇಲೆ, ಆಹಾ, ಒಂದು ಪ್ರಿಂಟರ್ ತಾನಾಗಿ ಪ್ರತ್ಯಕ್ಷವಾಯಿತು! ಹೆಸರು ಏನೋ ಇಂಗ್ಲಿಷ್ ಅಕ್ಷರ, ಅಂಕಿ. ಮನೆಯಲ್ಲಿ ಪುಟ್ಟ ಎಂದು ಕರೆದರೂ ಶಾಲೆಯ ದಾಖಲೆಯಲ್ಲಿ ಬೇರೆ ಹೆಸರಿರುವುದಿಲ್ಲವೇ, ನಮ್ಮ ಪ್ರಿಂಟರಿನದೂ ಹಾಗೇ ಇರಬೇಕೆಂದು ಪ್ರಿಂಟ್ ಒತ್ತಿದೆ. ‘ಮುದ್ರಣವಾಯಿತು’ ಎಂದಿತು.

"ಬಂತಾ?"

"ಇಲ್ಲೇನೂ ಬರ್ಲಿಲ್ಲ!"

ಮತ್ತೆ ಒತ್ತಿದೆ. ಮತ್ತೆ ‘ಮುದ್ರಣವಾಯಿತು’. ಸುಳ್ಳು ಹೇಳುವ ಯಂತ್ರವನ್ನು ಕಂಡರೆ ಸುಳ್ಳು ಹೇಳುವ ಅಧಿಕಾರಿಗಿಂತ ಹೆಚ್ಚು ಸಿಟ್ಟು ನನಗೆ. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಹೋದೆ.

ಕಾಂಪೌಂಡಿನ ಆಚೆಯಿಂದ ಕೂಗು ಬಂತು.

"ಸಾ! ಓ ಸಾ! ನಮ್ ಪ್ರಿಂಟ್ರು ಮಯ್ಮೇಲೆ ದ್ಯಾವ್ರು ಬಂದಂಗೆ ಆಡ್ತೈತೆ! ಕೊಬ್ರಿ ಬಿಲ್ ತೆಗೆಯಾನ ಅಂತ ಕುಂತ್ರೆ ‘ಕಳ್ಳ ಕಳ್ಳ’ ಅಂತ ಕಕ್ತಾನೇ ಐತೆ!"

ಹೊರಗೆ ಓಡಿ ನೋಡಿದರೆ ಕಾಂತರಾಜು! ಎರಡೂ ಕೈಯಲ್ಲಿ ಬಾಚಿ ಹಿಡಿದಿದ್ದ ಹಾಳೆಗಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಓದ್ದೆ ಸಾ," ಎಂದ. ದನಿ ಸಣ್ಣಗಿತ್ತು. "ಕೋಲು ಅಸ್ರು ಬಣ್ಣದ್ದು ಅಂತ ಬರ್ದಿದೀರ. ಅದು ನೀಲಿ ಸಾ."

"ಬಣ್ಣ ಬಿಡಪ್ಪ! ಕೇಳದೆ ನಮ್ಮ ಹೂವು ಕೀಳೋದು..."

"ಅಕ್ಕಾರೇ ಕುಯ್ಕಳಿ ಅಂದಿದ್ರಲ್ಲ ಸಾ?"

ತಿರುಗಿ ನೋಡಿದರೆ ಆಶಾ ಜಗಲಿಯ ಮೇಲೆ ಸೆರಗಿನ ತುದಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು.

"ಅವತ್ತು ಲಾರಿ ತಗುಲಿ ನಮ್ಮ ನೆಟ್ ವೈರ್ ಹರೀತಲ್ರೀ? ಏನೋ ಹುಡುಕ್ಬೇಕು ಅಂತ ನೀವು ಮನೆ ತುಂಬ ಕುಣೀತಿದ್ರಿ. ಹೆಪ್ಪು ಇಸ್ಕೊಂಡ ಹಾಗೆ ಕಾಂತಣ್ಣನ ಹತ್ರ ಅವರ ವೈಫೈ ಪಾಸ್‌ವರ್ಡೂ ಇಸ್ಕೊಂಡು ನಿಮ್ಮ ಕಂಪ್ಯೂಟರಿಗೆ ಹಾಕ್ಕೊಟ್ಟೆ. ಸುಮ್ನೆ ಇಸ್ಕೊಳಕ್ಕಾಗುತ್ತಾ? ದಾಸವಾಳ ಕುಯ್ಕೊಳ್ಳಿ ಅಂದೆ. ಆಮೇಲೆ ನಮ್ಮ ನೆಟ್ ಸರಿಹೋಯ್ತು, ನಿಮ್ಮದು ಬದಲಾಯಿಸೋದು ಮರೆತೆ."

"ಅಂದ್ರೆ ಇಷ್ಟು ದಿನ ನಾನು..."

"ಕಾಂತಣ್ಣನ ವೈಫೈನಲ್ಲೇ ಇದೀರ. ನನ್ನ ಲ್ಯಾಪ್‌ಟಾಪ್ ಮಾತ್ರ ನಮ್ಮದರಲ್ಲಿದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅದ್ರ ಮೇಲೂ ಒಂದು ಲೇಖನ ಬರೀತಿದ್ರಿ."

ಗೋಡೆ ದಾಟದ ಚಂಡಮಾರುತ ಕಾಂಪೌಂಡು ಹಾರಿದ್ದು ಹೀಗೆ. ಒಂದು ಮನೆಯ ಎರಡು ಕಂಪ್ಯೂಟರು ಎರಡು ಸಂಸಾರ ಹೂಡಿದ್ದರೆ ಒಂದರ ಮುಖ ಇನ್ನೊಂದಕ್ಕೆ ಹೇಗೆ ಕಂಡೀತು?

ಗಂಟೆ ಮೂರೂವರೆ. ಕಾಂತರಾಜು ಹಾಳೆಗಳನ್ನು ನನ್ನತ್ತ ಚಾಚಿದ. "ತಗಳಿ ಸಾ, ಬಸ್ಸಿಗೆ ಒತ್ತಾಯ್ತು. ಎಂಗೂ ನನ್ನೆಸರಿಲ್ವಲ್ಲ."

ಒಂದು ಕ್ಷಣ ಕೈ ಮುಂದೆ ಹೋಯಿತು. ಸುಳ್ಳೇಕೆ ಹೇಳಲಿ, ರಜನೀಶನ ನಗು ಅಷ್ಟು ಹತ್ತಿರ ಕಾಣುತ್ತಿತ್ತು. ಆದರೆ ನನ್ನೊಳಗೆ ಅಂತಃಸಾಕ್ಷಿ ಎಂಬ ಇನ್ನೊಬ್ಬ ಅಂಕಣಕಾರನಿದ್ದಾನೆ. ಅವನು ನನಗಿಂತ ಮುಂಗೋಪಿ. "ಪೆನ್ ಕೊಡಪ್ಪ!" ಎಂದು ಕಾಂಪೌಂಡಿನ ಮೇಲೇ ಹಾಳೆ ಹರಡಿದೆ. ‘ನೆರೆಮನೆಯಾತ’ ಎಂದಿದ್ದಲ್ಲೆಲ್ಲ ಹೊಡೆದು ‘ನಾನು’ ಎಂದು ಬರೆದೆ. ‘ದಾಸವಾಳ’ ಹೋಗಿ ‘ವೈಫೈ’ ಬಂತು. ‘ಕೊಕ್ಕೆ ಕೋಲು ಹಿಡಿದು’ ಎಂಬುದು ‘ಮೌಸು ಹಿಡಿದು’ ಆಯಿತು. ಕಾಂತರಾಜು ಆಚೆಯಿಂದ ಬಗ್ಗಿ ಬೆರಳಿಟ್ಟು ತೋರಿಸುತ್ತಿದ್ದ.

"ಸಾ, ಇಲ್ಲಿ ‘ಲಜ್ಜೆಗೇಡಿ’ ಅಂತೈತೆ."

"ಅದು ಹಾಗೇ ಇರ್ಲಿ."

"ನಂಗಾ, ನಿಮ್ಗಾ?"

"ನಂಗೇ!"

"ಅಂಗಾದ್ರೆ ಎಲ್ಡು ಕಡೆ ಐತೆ, ಎಲ್ಡೂ ಇರ್ಲಿ ಸಾ."

ಅಷ್ಟರಲ್ಲಿ ಒಳಗೆ ಹೋಗಿದ್ದ ಆಶಾ ನನ್ನ ಕಂಪ್ಯೂಟರನ್ನು ನಮ್ಮ ವೈಫೈಗೆ ಹಾಕಿದ್ದಳು. "ಬಂತು ಕಣ್ರೀ! ನಿಮ್ಮ ಫೋಲ್ಡರ್ ಪೂರ್ತಿ ನನ್ನ ಲ್ಯಾಪ್‌ಟಾಪಲ್ಲಿ ಕಾಣ್ತಾ ಇದೆ!" ಎಂಬ ಹರ್ಷೋದ್ಗಾರ ಕಿಟಕಿಯಿಂದ ತೂರಿಬಂತು. ಮೌಸಿನ ಟಕಟಕ ಸದ್ದು. ಆಮೇಲೆ ಬೇರೆಯೇ ದನಿ. "ರೀ... ‘ಸೂಜಿ ಹಿಡಿದ ಸರ್ವಾಧಿಕಾರಿ’ ಅಂದ್ರೆ ಯಾರು?"

ಬಸ್ ಹಿಡಿಯಲು ನಾನು ಅಷ್ಟು ವೇಗವಾಗಿ ಎಂದೂ ಓಡಿದವನಲ್ಲ.

ಲೇಖನ ತಲುಪಿತು. ಅಂಕಣ ಉಳಿಯಿತು. ಶನಿವಾರ ಬೆಳಿಗ್ಗೆ ಗೇಟಿನ ಬಳಿ ಬಿದ್ದಿದ್ದ ಪತ್ರಿಕೆ ಬಿಡಿಸಿದೆ. ಅವಸರದಲ್ಲಿ ಎಲ್ಲ ತಿದ್ದಿದವನು ತಲೆಬರಹವನ್ನು ಮುಟ್ಟಿರಲಿಲ್ಲ. ಅಮರನಾಥರು ಎಂದಿಗಿಂತ ದಪ್ಪಕ್ಷರದಲ್ಲಿ ‘ನಮ್ಮ ಬೀದಿಯ ಕಳ್ಳ ಇವನೇ!’ ಎಂದು ಹಾಕಿ, ಅದರ ಕೆಳಗೆ ಎಂದಿನಂತೆ, ಕೈಕಟ್ಟಿ ನಿಂತ ನನ್ನನ್ನು ನಿಲ್ಲಿಸಿದ್ದರು.

ಕಾಂಪೌಂಡಿನ ಆಚೆ ನೀಲಿ ಕೋಲು ಕಾಣಿಸಿತು. ಕಂಕುಳಲ್ಲಿ ಅದೇ ಪತ್ರಿಕೆ.

"ಇಷ್ಟ್ ವರ್ಸದಿಂದ ಆಕ್ತಾವ್ರೆ ಸಾ," ಎಂದ ಕಾಂತರಾಜು, ಒಂದು ದಾಸವಾಳಕ್ಕೆ ಕೊಕ್ಕೆ ಸಿಕ್ಕಿಸುತ್ತ, "ಫೋಟೋ ತಲೆಬರಾಕೆ ಒಪ್ಪಿರಾದು ಇದೇ ಮೊದ್ಲು."