ತಪ್ಪು ಮನ್ನಿಸುವ ಹಲಗೆಗಳು

ಈ ವರ್ಷ ನನ್ನ ಸ್ಕೀ ಹಲಗೆಗಳನ್ನು ನಾನೇ ಆರಿಸುತ್ತೇನೆ, ಹೆಂಡತಿಯಿರಲಿ, ಪಾದ್ರಿಯೇ ಬಂದು ಹೇಳಿದರೂ ಕೇಳುವುದಿಲ್ಲ ಎಂದು ಬೆಳಗಿನ ಕಾಫಿಯ ಮುಂದೆ ಘೋಷಿಸಿದೆ. ಹೆಂಡತಿ ಬುರ್ಗಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ.

"ಆರಿಸ್ಕೊಳ್ರೀ. ಆದ್ರೆ ಈ ಸಲಾನೂ ನಾವೇ ಪಾತ್ರೆ ತೊಳೆಯೋ ಹಾಗಾದ್ರೆ, ಮುಂದಿನ ವರ್ಷ ನಾನು ಸ್ಕೀ ಅಂಗಡಿ ಕಾರ್ಬಿನಿಯನ್ ಜೊತೆ ಇಳೀತೀನಿ."

ಪಾತ್ರೆಯ ವಿಷಯ ಹೇಳಬೇಕು. ನಮ್ಮ ಟಿರೋಲ್ ಬೆಟ್ಟಸೀಮೆಯ ಈ ಕಣಿವೆಯಲ್ಲಿ ಚಳಿಗಾಲದ ಕೊನೆಗೆ ಜೋಡಿ ಸ್ಪರ್ಧೆ ನಡೆಯುತ್ತದೆ. ಇಬ್ಬರು ಅಕ್ಕಪಕ್ಕದ ಎರಡು ದಾರಿಗಳಲ್ಲಿ ಒಟ್ಟಿಗೆ ಹೊರಟು ಹಿಮದ ಇಳಿಜಾರನ್ನು ಇಳಿಯಬೇಕು. ವೇಗಕ್ಕೆ ಬಹುಮಾನವಿಲ್ಲ. ಇಬ್ಬರ ನಡುವೆ ಅತಿ ಕಡಿಮೆ ಅಂತರ ಇಟ್ಟುಕೊಂಡು ಬಂದ ಜೋಡಿ ಗೆದ್ದ ಹಾಗೆ. ಅತಿ ಹೆಚ್ಚು ಅಂತರದ ಜೋಡಿ ಆ ದಿನ ಅಗ್ನಿಶಾಮಕ ದಳದ ಔತಣದ ಪಾತ್ರೆಗಳನ್ನು ತೊಳೆಯಬೇಕು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಆ ಸಿಂಕಿನ ಮುಂದೆ ನಮ್ಮದೇ ಏಕಚಕ್ರಾಧಿಪತ್ಯ.

ತಪ್ಪು ನನ್ನದಲ್ಲ, ಭೂಗೋಳದ್ದು. ಬುರ್ಗಿ ಇಲ್ಲೇ ಹುಟ್ಟಿದವಳು; ನಡೆಯುವುದಕ್ಕಿಂತ ಮೊದಲು ಜಾರಲು ಕಲಿತಳಂತೆ. ನಾನು ಪೂರ್ವದ ಬಯಲುಸೀಮೆಯವನು. ನಮ್ಮೂರಿನಲ್ಲಿ ಎತ್ತರವೆಂದರೆ ಚರ್ಚಿನ ಗೋಪುರ, ಇಳಿಜಾರೆಂದರೆ ಅದರ ಮೆಟ್ಟಿಲು. ಅಲ್ಲಿ ಆರ್ಗನ್ ನುಡಿಸುತ್ತಿದ್ದವನು ಈಗ ಇಲ್ಲಿಯ ಚರ್ಚಿನಲ್ಲಿ ನುಡಿಸುತ್ತೇನೆ; ಊರವರ ಬಾಯಲ್ಲಿ ಮಾಸ್ತರು. ನಾನು ಕೆಳಗೆ ತಲುಪುವಷ್ಟರಲ್ಲಿ ಬುರ್ಗಿ ಚಹಾ ಕುಡಿದು, ಎರಡು ಮನೆಯ ಮದುವೆ ಮಾತುಕತೆ ಮುಗಿಸಿರುತ್ತಾಳೆ.

"ಸ್ವಲ್ಪ ನಿಧಾನಕ್ಕೆ ಇಳಿಯಬಾರದೇನೇ?" ಎಂದು ಒಮ್ಮೆ ಬೇಡಿಕೊಂಡಿದ್ದೆ.

"ನಿಧಾನಕ್ಕೆ ಹೋದ್ರೆ ಬಿದ್ದುಬಿಡ್ತೀನಿ ಅಂತ ಭಯ ರೀ."

ಆದ್ದರಿಂದ ನಾನೇ ಏರಬೇಕಿತ್ತು, ಅಂದರೆ ಬೇಗ ಇಳಿಯಬೇಕಿತ್ತು. ಕಾರ್ಬಿನಿಯನ್ನನ ಅಂಗಡಿಗೆ ನಡೆದೆ. ಊರಿಗೊಂದೇ ಸ್ಕೀ ಅಂಗಡಿ ಅವನದು. ವಿಧುರ, ಮೀಸೆ ಮಾತ್ರ ಇನ್ನೂ ಮದುಮಗನದು.

"ನಿಮ್ಮ ದರ್ಜೆ?" ಎಂದ.

"ಉತ್ತಮ."

"ಮಾಸ್ತರೇ, ನೀವು ಇಳಿಯೋದನ್ನ ಊರೆಲ್ಲ ನೋಡಿದೆ. ಮಧ್ಯಮ."

ಮಧ್ಯಮ ವರ್ಗ, ಮಧ್ಯ ವಯಸ್ಸು, ಈಗ ಮಧ್ಯಮ ದರ್ಜೆ! ಅವನು ನೀಲಿ ಜೋಡಿಯೊಂದನ್ನು ಇಳಿಸಿ, ಹೆಬ್ಬೆರಳಿನಿಂದ ಒತ್ತಿ ಬಾಗಿಸಿ ತೋರಿಸಿದ. "ಇದು ತಪ್ಪು ಮನ್ನಿಸೋ ಹಲಗೆ. ಮೈ ಮೆತ್ತಗಿದೆ, ನಡು ತೀರಾ ಸಣ್ಣ ಅಲ್ಲ. ಮೂತಿ ಮೇಲೆದ್ದಿದೆ, ಹಿಮಕ್ಕೆ ಸಿಕ್ಕಿಕೊಳ್ಳಲ್ಲ. ಬೆಳಗಿನ ಗಟ್ಟಿ ಹಿಮಾನೂ ಸೈ, ಮಧ್ಯಾಹ್ನದ ಮುದ್ದೆ ಹಿಮಾನೂ ಸೈ. ನೀವು ಸುಮ್ನೆ ವಾಲಿ, ತಿರುವನ್ನ ಅದೇ ಕೊರೆದುಕೊಂಡು ಹೋಗುತ್ತೆ."

ನನ್ನೊಳಗಿನ ಪತ್ತೇದಾರ ಎದ್ದು ಕುಳಿತ. ಮುಂದಿನ ವರ್ಷ ನನ್ನ ಹೆಂಡತಿಯ ಜೊತೆ ಇಳಿಯಲಿರುವವನು ನನಗೆ ಮೆತ್ತಗಿನ ಹಲಗೆ ಮಾರುತ್ತಿದ್ದಾನೆ! ಗೋಡೆಯ ಮೇಲಿದ್ದ ಕೆಂಪು ಜೋಡಿಯತ್ತ ಬೆರಳು ತೋರಿಸಿದೆ. ಒಳಗೆ ಎರಡು ಪದರ ಲೋಹದ ತಗಡು ಕೂಡಿಸಿದ ಸ್ಪರ್ಧೆಯ ಹಲಗೆ.

"ಅದು ಏನನ್ನೂ ಮನ್ನಿಸಲ್ಲ ಮಾಸ್ತರೇ."

"ನನಗೆ ಮನೇಲಿ ಅಭ್ಯಾಸ ಇದೆ," ಎಂದೆ.

ಮೊದಲು ಪರೀಕ್ಷಿಸಿ ನೋಡಿ ಎಂದು ಕೊಟ್ಟು ಕಳಿಸಿದ. ಬೆಟ್ಟದ ಮೇಲೆ ಎಡಕ್ಕೆ ವಾಲಿದೆ. ಕೆಂಪು ಹಲಗೆಗಳು ನನ್ನ ಕೋರಿಕೆಯನ್ನು ತಿರಸ್ಕರಿಸಿದವು. ಬಲಕ್ಕೆ ವಾಲಿದೆ, ಅಷ್ಟರಲ್ಲಿ ಅವು ಸ್ವತಂತ್ರ ನಿರ್ಧಾರ ಕೈಗೊಂಡಾಗಿತ್ತು. ಇಳಿಜಾರಿನ ಅಂಚಿನ ಹುಲ್ಲಿನ ಕೊಟ್ಟಿಗೆಗೆ, ಬಾಗಿಲಿಲ್ಲದ ಕಡೆಯಿಂದ, ನಾನು ಪುರಪ್ರವೇಶ ಮಾಡಿದೆ. ಅಂಗಡಿಗೆ ಮರಳಿದಾಗ ಕಾರ್ಬಿನಿಯನ್ ನನ್ನ ಕಾಲರಿನಿಂದ ಒಣಹುಲ್ಲಿನ ಕಡ್ಡಿ ತೆಗೆದು ನೀಲಿ ಜೋಡಿಯನ್ನು ಕೈಗಿಟ್ಟ.

"ಒಂದು ಮಾತು, ಮಾಸ್ತರೇ. ಕಣ್ಣು ಹೋದ ಕಡೆಗೆ ಮೈ ಹೋಗುತ್ತೆ, ಮೈ ಹೋದ ಕಡೆಗೆ ಇದು ತಟ್ಟನೆ ತಿರುಗುತ್ತೆ. ದಾರಿ ಮೇಲೆ ಗಮನ ಇರಲಿ."

ಗಮನ ಯಾರಿಗಿತ್ತು? ಮರುದಿನ ಮೊಣಕಾಲನ್ನು ಸುಮ್ಮನೆ ಬದಿಗೆ ಒರಗಿಸಿದೆ, ಬೆಟ್ಟವೇ ನಿಧಾನವಾಗಿ ಮಗ್ಗುಲು ಬದಲಾಯಿಸಿದ ಹಾಗಾಯಿತು. ಹಿಂದೆ ಎರಡು ತೆಳು ಗೆರೆಗಳು. ಕಾಲಡಿಯಿಂದ ಆರ್ಗನ್ನಿನ ಮಂದ್ರದಂಥ ಸದ್ದು. ತಪ್ಪು ಮಾಡಿದೆ, ಮನ್ನಿಸಿತು. ಇನ್ನೊಂದು ಮಾಡಿದೆ, ಅದನ್ನೂ ಮನ್ನಿಸಿತು. ಇಷ್ಟು ವರ್ಷ ಈ ಕಣಿವೆಯಲ್ಲಿ ನಾನು ಕಂಡಿದ್ದು ನನ್ನ ಹಲಗೆಗಳ ಮೂತಿಯನ್ನು ಮಾತ್ರ. ಈಗ ತಲೆ ಎತ್ತಿದೆ. ಗಾಳಿಯಲ್ಲಿ ಹಿಮದ ಧೂಳು ಚಿನ್ನದ ಹುಡಿಯಂತೆ ತೇಲುತ್ತಿತ್ತು. ಎಲೆ ಉದುರಿದ ಲಾರ್ಚ್ ಮರಗಳು ನಿದ್ದೆಯಲ್ಲೇ ನನ್ನತ್ತ ವಾಲಿದಂತಿದ್ದವು. ಕೆಳಗೆ ಊರು ಹೊಗೆಯ ದುಪ್ಪಟಿ ಹೊದ್ದು ಮಲಗಿತ್ತು. ಹಾರುತ್ತಿದ್ದೇನೋ ಇಳಿಯುತ್ತಿದ್ದೇನೋ ತಿಳಿಯಲಿಲ್ಲ. ಕೆಳಗೆ ತಲುಪಿದ ಮೇಲೂ ಸ್ವಲ್ಪ ಹೊತ್ತು ತೇಲುತ್ತಲೇ ಇದ್ದೆ.

ಸ್ಪರ್ಧೆಯ ಭಾನುವಾರ ಬಂತು. ಅಗ್ನಿಶಾಮಕ ದಳದ ಮುಖ್ಯಸ್ಥ ವಿನ್ಸೆಂಜ್ ಕೆಳಗೆ ಗಡಿಯಾರ ಹಿಡಿದು ನಿಂತಿದ್ದ. ಬುರ್ಗಿ ಎಡಗಡೆ, ನಾನು ಬಲಗಡೆ.

"ಕೆಳಗೆ ಸಿಗೋಣ ರೀ," ಎಂದಳು, ಎಂದಿನ ಹಾಗೆ.

ಹೊರಟೆವು. ದಾರಿಗುರುತಿನ ಒಂದು ಕಂಬ, ಎರಡು ಕಂಬ. ನೀಲಿ ಹಲಗೆಗಳು ಹಾಡುತ್ತಿದ್ದವು. ಅರ್ಧ ದಾರಿಯಲ್ಲಿ ಪಕ್ಕದಲ್ಲಿ ಯಾರೋ ಇದ್ದಾರೆ ಅನ್ನಿಸಿತು. ಬುರ್ಗಿ! ಅವಳು ಇನ್ನೂ ಇಲ್ಲೇ ಇದ್ದಾಳೆ. ಅಲ್ಲ, ನಾನೇ ಅವಳಿದ್ದಲ್ಲಿ ಇದ್ದೇನೆ!

ಹಿಮದ ಮೇಲೆ ಅವಳ ಬೆನ್ನನ್ನಷ್ಟೇ ನೋಡಿದವನು ನಾನು. ಅಂದು ಮುಖ ಕಂಡೆ. ಕೆನ್ನೆ ಕೆಂಪಾಗಿತ್ತು, ತುಟಿ ಕಚ್ಚಿಕೊಂಡಿದ್ದಳು, ಹುಬ್ಬಿನ ಮೇಲೆ ಹಿಮದ ಹರಳು. ಕಡೆಯ ಕಂಬ ದಾಟಿದೆವು. ಮುಂದೆ ಬರೀ ಮುಕ್ತಾಯದ ಗೆರೆ. ಎಷ್ಟು ಚೆಂದ ಇದ್ದಾಳಲ್ಲ ಇವಳು, ಎಂದುಕೊಂಡು ನೋಡುತ್ತಲೇ ಇದ್ದೆ. ನನ್ನ ವಿಧೇಯ ಹಲಗೆಗಳು ಕಣ್ಣು ಹೋದ ಕಡೆಗೇ, ಒಂದಿಷ್ಟೂ ತಪ್ಪದೆ, ಅಂದವಾದ ತಿರುವು ಕೊರೆದವು.

ಗೆರೆಯನ್ನು ನಾವಿಬ್ಬರೂ ಒಂದೇ ಮುದ್ದೆಯಾಗಿ ದಾಟಿದೆವು.

ವಿನ್ಸೆಂಜ್ ಬಗ್ಗಿ ನೋಡಿದ. "ಯಾರ ಕಾಲು ಮೊದಲು ಬಂತು?"

"ಯಾವ ಕಾಲು ಯಾರದ್ದು ಅಂತ ಮೊದ್ಲು ಹೇಳಪ್ಪ," ಎಂದಿತು ಅಡಿಯಿಂದ ಬುರ್ಗಿಯ ದನಿ.

ಅಂತರ ಸೊನ್ನೆ. ಕಣಿವೆಯ ಚರಿತ್ರೆಯಲ್ಲೇ ಮೊದಲು!

"ಬೇಕಂತಲೇ ಗುದ್ದಿದ್ರಾ ಮಾಸ್ತರೇ?" ಎಂದು ವಿನ್ಸೆಂಜ್ ಹುಬ್ಬು ಗಂಟಿಕ್ಕಿದ.

"ಇಲ್ಲಪ್ಪ. ಅವಳನ್ನೇ ನೋಡ್ತಾ ಇದ್ದೆ."

ನೆರೆದ ಹೆಂಗಸರೆಲ್ಲ ನಿಟ್ಟುಸಿರುಬಿಟ್ಟು ತಂತಮ್ಮ ಗಂಡಂದಿರ ಕಡೆ ತಿರುಗಿದರು. ಆ ಗಂಡಂದಿರು ಈಗ ನನ್ನ ನಮಸ್ಕಾರಕ್ಕೆ ಉತ್ತರ ಕೊಡುತ್ತಿಲ್ಲ.

ಗೆದ್ದೆವು. ಹೊಗೆಯಲ್ಲಿಟ್ಟ ಹಂದಿತೊಡೆ ಬಹುಮಾನವಾಗಿ ಮನೆಗೆ ಬಂತು. ಜೊತೆಗೆ ಪ್ಲಾಸ್ಟರಿನಲ್ಲಿ ಬುರ್ಗಿಯ ಬಲ ಮಣಿಕಟ್ಟೂ ಬಂತು. ಅಗ್ನಿಶಾಮಕ ದಳದ ಪಾತ್ರೆ ತಪ್ಪಿತು. ಮನೆಯ ಪಾತ್ರೆ, ಅಡುಗೆ, ಒಗೆತ, ಒಲೆಗೆ ಸೌದೆ, ಈಸ್ಟರ್ ತನಕ ನನ್ನದೇ.

ನಿನ್ನೆ ಸಂಜೆ ತಟ್ಟೆ ಉಜ್ಜುತ್ತಾ ಹಿಂತಿರುಗಿ ನೋಡಿದೆ. ಬುರ್ಗಿ ಬೆಚ್ಚಗಿನ ಒಲೆಯ ಪಕ್ಕದ ಬೆಂಚಿನ ಮೇಲೆ ಒರಗಿದ್ದಳು. ಕಿಟಕಿಯ ಹಿಮದ ಬೆಳಕು ಅವಳ ಕೂದಲ ಮೇಲೆ ಬಿದ್ದಿತ್ತು. ನನ್ನ ಕೈ ನಿಂತುಹೋಯಿತು.

"ಏನ್ರೀ ಹಾಗೆ ನೋಡ್ತಿದೀರಾ?"

"ಏನಿಲ್ಲ. ಸುಮ್ನೆ."

ಅವಳು ಪ್ಲಾಸ್ಟರಿನ ಕೈಯನ್ನು ಜೋಪಾನವಾಗಿ ಮಡಿಲಿಗೆ ಎಳೆದುಕೊಂಡಳು. "ಇನ್ನು ಮೇಲೆ ನೋಡೋ ಮನಸ್ಸಾದ್ರೆ ಮೊದಲೇ ಹೇಳಿಬಿಡಿ. ಹೆಲ್ಮೆಟ್ ಹಾಕ್ಕೊಂಡು ಕೂತ್ಕೋತೀನಿ."