ನಬೀಸಾಬ್ ಹಾಕಿದ ರಟ್ಟು

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ದೇವದುರ್ಗದ ವಾಚನಾಲಯದಲ್ಲಿ ಮಾರೆಪ್ಪ ಟೆಂಪ್ರವರಿ ನೌಕರ. ಕಸ ಹೊಡೆಯುವುದು ಕಾಯಂ, ಪುಸ್ತಕ ಕೊಡುವುದು ಕಾಯಂ, ನೌಕರಿ ಮಾತ್ರ ಟೆಂಪ್ರವರಿ. ಸಿರವಾರದಿಂದ ಹೆಣ್ಣಿನ ಅಪ್ಪ ಬಂದು, ಹುಡುಗನನ್ನು ಮೆಚ್ಚಿ, ಎರಡು ತಟ್ಟೆ ಚೂಡಾ ತಿಂದು, "ಕಾಯಂ ಆಗ್ಲಿ, ಆಮ್ಯಾಗ ಅಕ್ಕಿಕಾಳು" ಎಂದು ಲಗ್ನವನ್ನು ಮುಂದಕ್ಕೆ ತಳ್ಳಿ ಎದ್ದು ಹೋಗಿದ್ದ.

ಕಾಯಂ ಮಾಡುವ ರುಜು ರಾಯಚೂರಿನ ಗಡಿಗೆಪ್ಪ ಸಾಹೇಬರ ಕೈಯಲ್ಲಿತ್ತು. ಸಾಹೇಬರು ಬಲು ಕಟ್ಟುನಿಟ್ಟು. ತಪಾಸಣೆಗೆ ಬಂದರೆ ಪುಕ್ಕಟೆ ಚಹಾ ಮುಟ್ಟುವವರಲ್ಲ, ಪುಸ್ತಕ ಮನೆಗೆ ಒಯ್ಯುವವರಲ್ಲ. ಇದ್ದದ್ದು ಒಂದೇ ಚಟ, ಪತ್ತೇದಾರಿ ಕಾದಂಬರಿ. 'ಬಾವಿಯೊಳಗಿನ ಬೀಗ' ಎಂಬುದನ್ನು ಬಂದಾಗೊಮ್ಮೆ ಅಲ್ಲೇ ಕೂತು ಇಷ್ಟಿಷ್ಟೇ ಓದುತ್ತಿದ್ದರು. ಹೋದ ಸಲ, ಇನ್ನೇನು ಕೊಲೆಗಾರ ಸಿಗಬೇಕು, ಅಷ್ಟರಲ್ಲಿ ಹಾಳೆಗಳು ಬಿಚ್ಚಿಕೊಂಡು ಫ್ಯಾನಿನ ಗಾಳಿಗೆ ವಾಚನಾಲಯದ ತುಂಬ ಹಾರಿದವು.

"ಮಾರೆಪ್ಪ, ಹರದ ಪುಸ್ತಕಕ್ಕೆಲ್ಲಾ ರಟ್ಟು ಹಾಕ್ಸು. ಬರೋ ತಿಂಗಳು ಬಂದು ಇದನ್ನ ಮುಗಸ್ತೀನಿ, ನಿನ್ನ ಕಾಗದಕ್ಕ ರುಜುನೂ ಹಾಕ್ತೀನಿ" ಎಂದು ಹೇಳಿ ಹೋಗಿದ್ದರು.

ಆ ದಿನ ಬಂತು. ರಟ್ಟು ಕಟ್ಟುವ ನಬೀಸಾಬ್ ಬೆಳಿಗ್ಗೆಯೇ ಕೈಗಾಡಿಯಲ್ಲಿ ಪುಸ್ತಕ ತಂದು ಇಳಿಸಿದ. ಹಳೆಯ ಮುಖಪುಟದ ಹೆಸರುಗಳನ್ನು ಕತ್ತರಿಸಿ ಹೊಸ ರಟ್ಟಿನ ಮೇಲೆ ಅಂದವಾಗಿ ಅಂಟಿಸಿದ್ದ. ಮಾರೆಪ್ಪನಿಗೆ ಹಿಗ್ಗೋ ಹಿಗ್ಗು. ತೆಗೆದು ನೋಡದೆ ಬಂದವರಿಗೆಲ್ಲ ಹಂಚಿದ. ಸಾಹೇಬರ ಪುಸ್ತಕವನ್ನು ಮಾತ್ರ ಮೇಜಿನ ಮೇಲೆ ಎತ್ತಿಟ್ಟುಕೊಂಡ.

ಮೊದಲು ವಾಪಸು ಬಂದವಳು ಸಾಲಿಯ ದುರುಗಮ್ಮ ಟೀಚರು. "ಏನ್ರೀ ಇದು, ಒಗಟಿನ ಪುಸ್ತಕ ತೆರದ್ರ ಮೊದಲು ಉತ್ತರಾನೇ ಬರ್ತಾವ. ನಾ ಒಗಟು ಹೇಳೂದ್ರಾಗ ಹುಡುಗರು ಈರುಳ್ಳಿ, ಛತ್ರಿ ಅಂತ ಒದರ್ಯಾಡಿ ಸಾಲಿ ಹಾರಿಸಿಬಿಟ್ರು."

ಹಿಂದೆಯೇ ರಿಟೈರಾದ ಅಯ್ಯಣ್ಣ ಮಾಸ್ತರರು ಬಂದರು. ಊರಿನ ಯಾವ ಸುದ್ದಿಯೂ ಅವರ ಕಟ್ಟೆಗೆ ಹಾಯದೆ ಮುಂದೆ ಹೋಗುತ್ತಿರಲಿಲ್ಲ. "ನಮ್ಮ ಮನಿಯಾಕಿಗೆ ಅಡಿಗಿ ಪುಸ್ತಕ ಕೊಟ್ಟೀಯಲ್ಲ, ಮೊದಲನೇ ಸಾಲಿನಾಗೇ 'ಮೇಲೆ ಕೊತ್ತಂಬರಿ ಉದುರಿಸಿ ಬಡಿಸಿರಿ' ಅಂತದ. ಏನು ಬಡಸ್ಬೇಕಪಾ, ಬರೇ ಕೊತ್ತಂಬರಿನಾ?" ಎನ್ನುತ್ತಲೇ ಮೇಜಿನ ಮೇಲಿದ್ದ ಪತ್ತೇದಾರಿಯನ್ನು ಎತ್ತಿ ತೆರೆದರು. "ಇದ್ರಾಗೂ ಹಂಗೇ ಅದ ನೋಡು. 'ಪೊಲೀಸರು ಸಂಗೀತ ಮಾಸ್ತರನ ಕೈಗೆ ಬೇಡಿ ಹಾಕಿದರು. ಮುಗಿಯಿತು.' ಹಂಗಾರ ಅವನೇ ಏನು ಕೊಂದವ?"

ಮಾರೆಪ್ಪ ಆ ಪುಸ್ತಕ ಕಸಿದುಕೊಂಡ. ನಬೀಸಾಬನ ಅಂಗಡಿಗೆ ಓಡಿದ.

"ಚಾಚಾ, ಪುಸ್ತಕ ಎಲ್ಲಾ ಹಿಂದ ಮುಂದ ಆಗ್ಯಾವಲ್ರೀ."

"ಎಲ್ಲಿ ಬೇಟಾ? ಹಿಂಗ ಹಿಡಿ, ಹಿಂಗ ತೆರಿ" ಎಂದು ನಬೀಸಾಬ್ ಬಲಗಡೆಗೆ ತೆರೆದು ತೋರಿಸಿದ. "ನಮ್ಮ ಉರ್ದು ಕಿತಾಬ್ ಹಿಂಗೇ ತೆರೀತಾವ. ನಿಜಾಮರ ಕಾಲದಿಂದ ಕಟ್ಟಾಕತ್ತೀನಿ, ಒಬ್ಬರೂ ಬೈದಿಲ್ಲ. ನನಗೇನು ಕನ್ನಡ ಓದಾಕ ಬರ್ತದೇನು? ನಿಮ್ಮ ಕಿತಾಬ್ ಉಲ್ಟಾ ತೆರೀತಾವಂದ್ರ ಮೊದಲೇ ಹೇಳಬೇಕು."

ಮಾರೆಪ್ಪ ಹಂಚಿದ ಪುಸ್ತಕಗಳನ್ನೆಲ್ಲ ವಾಪಸು ತರಿಸಿದ. ಇಬ್ಬರೂ ವಾಚನಾಲಯದ ಅಂಗಳದಲ್ಲಿ ಕೂತು ಪುಸ್ತಕಗಳಿಗೆ ನೀರು ಚಿಮುಕಿಸಿ, ಹೆಸರಿನ ಚೀಟಿ ಎಬ್ಬಿಸಿ, ಆಚೆ ಬದಿಗೆ ಅಂಟಿಸತೊಡಗಿದರು. ಸಾಹೇಬರ ಪುಸ್ತಕದ ಚೀಟಿ ಮಾತ್ರ ಏಳಲೊಲ್ಲದು. ಮಾರೆಪ್ಪ ಅದಕ್ಕೆ ಒಂದು ತಂಬಿಗೆ ನೀರೇ ಸುರಿದ. ಚೀಟಿ ಎದ್ದ ಮೇಲೆ, ರಟ್ಟು ಸೊಟ್ಟಾಗಬಾರದೆಂದು ಅದರ ಮೇಲೊಂದು ರುಬ್ಬುಗುಂಡು ಹೇರಿ ಬಿಸಿಲಿಗಿಟ್ಟ.

ಇನ್ನು ಉಳಿದದ್ದು ಊರ ಬಾಯಿ. ಸಾಹೇಬರ ಕಿವಿಗೆ ಕೊಲೆಗಾರನ ಹೆಸರು ಬಿದ್ದರೆ ಓದುವ ರುಚಿಯೂ ಹೋಯಿತು, ರುಜುವೂ ಹೋಯಿತು. ಮಾರೆಪ್ಪ ಮೊದಲು ಬಡೇಬೀಯ ಚಹಾದಂಗಡಿಗೆ ಹೋಗಿ ಕೈ ಮುಗಿದ. "ಯವ್ವಾ, ಸಂಗೀತ ಮಾಸ್ತರನೇ ಕೊಂದಾನಂತ ಸಾಹೇಬ್ರ ಮುಂದ ಯಾರೂ ಅನಬ್ಯಾಡ್ರಿ."

ಬಡೇಬೀ ಸೌಟು ಕೈಬಿಟ್ಟಳು. "ಯಾರನ್ನ ಕೊಂದಾನೋ ಮಗನ?"

ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಹೀಗೆ ಬಸ್‌ಸ್ಟ್ಯಾಂಡ್, ಕ್ಷೌರದಂಗಡಿ, ಸಾಲಿ ಎಲ್ಲ ತಿರುಗಿ, ಹೇಳಬೇಡಿ ಎಂದು ಹೇಳಿ ಹೇಳಿ, ಹಸುಗೂಸು ಬಿಟ್ಟು ಊರಿಗೆಲ್ಲ ಕೊಲೆಗಾರ ಯಾರೆಂದು ಅವನೇ ತಿಳಿಸಿ ಬಂದ. ಆದರೂ ಎಲ್ಲರೂ ಮಾತು ಕೊಟ್ಟರು. ಅಯ್ಯಣ್ಣ ಮಾಸ್ತರರಂತೂ ಎದೆ ಮುಟ್ಟಿಕೊಂಡು, "ತಮ್ಮಾ, ನಿನ್ನ ಲಗ್ನದ ಪ್ರಶ್ನಿ ಅದ. ಜೀವ ಹೋದ್ರೂ ಬಾಯಿ ಬಿಡಂಗಿಲ್ಲ" ಎಂದರು.

ಸಂಜೆ ಬಸ್ಸಿಗೆ ಸಾಹೇಬರು ಬಂದರು. ಕಪಾಟು ನೋಡಿದರು, ರಟ್ಟು ತಟ್ಟಿದರು, "ಶಹಬ್ಬಾಸ್" ಎಂದರು. ಮಾರೆಪ್ಪನ ಕಾಗದವನ್ನು ಮೇಜಿನ ಮೇಲೆ ಹರಡಿ, ಪೆನ್ನಿನ ಟೊಪ್ಪಿಗೆ ತೆಗೆದರು. "ಒಂದೀಟು ತಡಿ, ಇದನ್ನ ಮುಗಸೇ ಬಿಡ್ತೀನಿ" ಎಂದು ಪುಸ್ತಕ ತೆರೆದರು.

ಊರೇ ಬಾಗಿಲಿಗೆ ಬಂದು ನಿಂತಿತ್ತು. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಕೆಮ್ಮು ಬಂದವರು ರಸ್ತೆಗೆ ಹೋಗಿ ಕೆಮ್ಮಿ ಬಂದರು. ಸಾಹೇಬರು ಹಾಳೆ ತಿರುವುತ್ತ ತಿರುವುತ್ತ ಕುರ್ಚಿಯ ತುದಿಗೆ ಬಂದರು. ಕೊನೆಗೊಮ್ಮೆ ಹಾಳೆ ತಿರುವಲು ಹೋದರೆ ಹಾಳೆ ಏಳಲಿಲ್ಲ.

ತಂಬಿಗೆ ನೀರಿಗೆ ರಟ್ಟಿನ ಅಂಟು ಮತ್ತೆ ಹಸಿಯಾಗಿ, ರುಬ್ಬುಗುಂಡಿನ ಭಾರಕ್ಕೆ ಕೊನೆಯ ಹಾಳೆ ರಟ್ಟನ್ನು ಕಚ್ಚಿಕೊಂಡು ಒಣಗಿತ್ತು. ಸಾಹೇಬರು ಉಗುರಿನಿಂದ ಎಬ್ಬಿಸಿದರು. ಚೂರು ಚೂರಾಗಿ ಕೈಗೆ ಬಂತು.

"ಮಾರೆಪ್ಪ, ಕೊಂದವ ಯಾರು?" ಸಾಹೇಬರು ಚೂರುಗಳನ್ನು ಅವನ ಮುಂದೆ ಹಿಡಿದರು.

"ಸಂಗೀತ ಮಾಸ್ತರ್ರೀ ಸಾಹೇಬ್ರ."

ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು. "ಸಂಗೀತ ಮಾಸ್ತರಗ ಎರಡೂ ಕಣ್ಣು ಕಾಣಂಗಿಲ್ಲ. ಕಣ್ಣಿಲ್ಲದವ ಬಾವ್ಯಾಗ ಬೀಗ ಒಗದು, ಕಾಂಪೌಂಡ್ ಜಿಗದು ಓಡಿದನೇನು? ವಾಚನಾಲಯದಾಗ ಕುಂತು ಒಂದು ಪುಸ್ತಕ ಓದಿಲ್ಲ, ಮ್ಯಾಲ ಸುಳ್ಳು ಬ್ಯಾರೆ."

"ಖರೇ ಅದರೀ. ಊರಿಗೆಲ್ಲಾ ಗೊತ್ತದ, ಬೇಕಾರ ಕೇಳ್ರಿ."

ಸಾಹೇಬರು ಬಾಗಿಲ ಕಡೆ ತಿರುಗಿದರು. "ಏನ್ರೀ ಮಾಸ್ತರ, ನಿಮಗೇನರ ಗೊತ್ತದನು?"

ಅಯ್ಯಣ್ಣ ಮಾಸ್ತರರು ಆಕಾಶ ನೋಡಿದರು. "ನಾ ಪುರಾಣ ಬಿಟ್ಟು ಬ್ಯಾರೆ ಓದಂಗಿಲ್ರೀ."

"ನಾವು ಚಾ ಮಾಡೋರು ಸಾಬ್. ಕೊಲಿ ಗಿಲಿ ನಮಗ್ಯಾಕ" ಎಂದಳು ಬಡೇಬೀ. ದುರುಗಮ್ಮ ಟೀಚರು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಬೀಸಾಬ್, "ನನಗ ಕನ್ನಡ ಬರಂಗಿಲ್ಲ" ಎಂದ.

"ಹೇಳ್ರೋ ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ, ಈಗ ಹೇಳ್ರಿ" ಎಂದು ಮಾರೆಪ್ಪ ಅಂಗಲಾಚಿದ. ಹುಡುಗ ಎಂಥ ನಾಟಕ ಹೂಡಿದ್ದಾನೆ ಎಂದು ಅಯ್ಯಣ್ಣ ಮಾಸ್ತರರು ಅವನಿಗೆ ಕಣ್ಣು ಹೊಡೆದರು.

ಸಾಹೇಬರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ರುಜುವಿಲ್ಲದ ಕಾಗದ ಮತ್ತೆ ಬ್ಯಾಗಿಗೆ ಹೋಯಿತು, ಬ್ಯಾಗು ಬಸ್ಸಿಗೆ ಹೋಯಿತು.

ಧೂಳು ಕೂತ ಮೇಲೆ ಜನರೆಲ್ಲ ಗೆದ್ದವರ ಹಾಗೆ ಮಾರೆಪ್ಪನ ಸುತ್ತ ನೆರೆದರು. ಅಯ್ಯಣ್ಣ ಮಾಸ್ತರರು ಅವನ ಹೆಗಲ ಮೇಲೆ ಕೈ ಹಾಕಿದರು.

"ನೋಡಿದ್ಯಾ ತಮ್ಮಾ, ಸಾಹೇಬ್ರು ಎಷ್ಟು ಕೆದಕಿ ಕೇಳಿದ್ರೂ ಒಬ್ಬರ ಬಾಯಿಂದಾರ ಬಂತೇನು? ಈಗ ಹೇಳು, ಅಕ್ಕಿಕಾಳು ಯಾವತ್ತು?"